ಮೈಯೆಷ್ಟು, ಸೀಮೆಯೆಷ್ಟು: ಬೆಂಗಳೂರಿನ ಸುತ್ತ ಒಂದು ಸುತ್ತಾಟ

ಶುಕ್ರವಾರ: ಮಲ್ಲೇಶ್ವರ, ಆಮೇಲೆ ಐಐಎಸ್‌ಸಿಯ ಮರಗಳ ಕೆಳಗೆ

ಅಕ್ಕನ ಮಗಳು ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಓದುತ್ತಿದ್ದಾಳೆ. ಕಾಡಿನ ಸಸ್ತನಿಗಳ ಮೈತೂಕಕ್ಕೂ ಅವು ಭೂಮಿಯ ಮೇಲೆ ಎಷ್ಟು ದೂರ ಹರಡಿವೆ ಅನ್ನುವುದಕ್ಕೂ ಇರುವ ಸಂಬಂಧ ಅವಳ ಪ್ರಾಜೆಕ್ಟಿನ ವಿಷಯ. ತಿಂಗಳುಗಟ್ಟಲೆ ಕಂಪ್ಯೂಟರಿನ ಮುಂದೆ ಕೂತು ನಕ್ಷೆ ನೋಡಿದವಳು, "ಮಾಮ, ಇದ್ರಲ್ಲಿ ಎಷ್ಟೋ ಪ್ರಾಣಿಗಳು ನಮ್ಮ ಬೆಂಗಳೂರಿನ ಸುತ್ತಲೇ ಇವೆ. ಹೋಗಿ ನೋಡ್ಕೊಂಡು ಬರೋಣ್ವಾ?" ಅಂದಳು. ರಜೆ ಹಾಕಿದೆ. ಬೆಳಿಗ್ಗೆ ಒಂದು ದಿಕ್ಕಿಗೆ ಹೊರಡುವುದು, ರಾತ್ರಿ ಮನೆಗೇ ವಾಪಸಾಗುವುದು ಅಂತ ತೀರ್ಮಾನವಾದ್ದರಿಂದ ರೂಮು ಹುಡುಕುವ ತಾಪತ್ರಯವಿರಲಿಲ್ಲ.

ಕಾರ್ತಿಕ ಮಾಸದ ಕೊನೆಯ ವಾರ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಂತೆ, ಬೆಳಗಿನಿಂದ ಜಿಟಿಜಿಟಿ ಮಳೆ. ಸಂಜೆ ಮಲ್ಲೇಶ್ವರದ ಹೋಟೆಲೊಂದರಲ್ಲಿ ಬೆಣ್ಣೆ ಮಸಾಲೆಗೆ ಕಾಯುತ್ತಾ ಕೂತಾಗ ಅವಳು ಬಿಲ್ಲಿನ ಹಿಂಬದಿಯಲ್ಲಿ ಎರಡು ಗೆರೆ ಎಳೆದಳು. ಅಡ್ಡಗೆರೆಯ ಮೇಲೆ ಪ್ರಾಣಿಯ ತೂಕ, ನಿಂತ ಗೆರೆಯ ಮೇಲೆ ಅದು ಹರಡಿರುವ ಪ್ರದೇಶದ ವಿಸ್ತೀರ್ಣ. ಒಂದೊಂದು ಪ್ರಭೇದಕ್ಕೆ ಒಂದೊಂದು ಚುಕ್ಕೆ. "ತೂಕ ಹೆಚ್ಚಿದಷ್ಟೂ ಸೀಮೆ ಹೆಚ್ಚುತ್ತೆ, ಅಷ್ಟೇ ತಾನೇ?" ಅಂದೆ. "ಅಷ್ಟು ಸುಲಭ ಅಲ್ಲ. ಚುಕ್ಕೆಗಳೆಲ್ಲ ಸೇರಿ ತ್ರಿಕೋನ ಆಗುತ್ತೆ" ಅಂದಳು.

ಎಡಗಡೆ, ಅಂದರೆ ಸಣ್ಣ ಮೈಯವುಗಳ ಕಡೆ, ಕೆಳಗಿನಿಂದ ಮೇಲಿನವರೆಗೂ ಚುಕ್ಕೆಗಳು ತುಂಬಿರುತ್ತವೆ. ಎರಡು ಗ್ರಾಂ ತೂಗುವ ಎಟ್ರಸ್ಕನ್ ಮೂಗಿಲಿ ಮೆಡಿಟರೇನಿಯನ್ ತೀರದಿಂದ ಆಗ್ನೇಯ ಏಷ್ಯಾದವರೆಗೂ ಇದೆ. ಅದರ ಹಾಗೇ ಗ್ರಾಂಗಳ ಲೆಕ್ಕದಲ್ಲಿ ತೂಗುವ ಇನ್ನೊಂದು ಪ್ರಾಣಿ ಒಂದೇ ಒಂದು ಬೆಟ್ಟ ಬಿಟ್ಟು ಆಚೆಗಿಲ್ಲ. ಬಲಕ್ಕೆ ಹೋದಂತೆಲ್ಲ ತ್ರಿಕೋನದ ಕೆಳಭಾಗ ಖಾಲಿಯಾಗುತ್ತಾ ಬರುತ್ತದೆ. ಭಾರೀ ಮೈ, ಪುಟ್ಟ ಸೀಮೆ ಅನ್ನುವ ಮೂಲೆಯಲ್ಲಿ ಹೆಚ್ಚುಕಡಿಮೆ ಯಾರೂ ಇಲ್ಲ. ಜೇಮ್ಸ್ ಬ್ರೌನ್ ಮತ್ತು ಬ್ರಯಾನ್ ಮೌರರ್ ಅನ್ನುವ ಅಮೆರಿಕದ ಇಬ್ಬರು ವಿಜ್ಞಾನಿಗಳು ಉತ್ತರ ಅಮೆರಿಕದ ಸಸ್ತನಿ ಮತ್ತು ಹಕ್ಕಿಗಳ ಲೆಕ್ಕ ಹಿಡಿದು 1989ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಬಗೆಯ ವಿನ್ಯಾಸಗಳ ಬಗ್ಗೆ ಬರೆದರು. ಇಂಥ ಅಧ್ಯಯನಕ್ಕೆ ‘ಮ್ಯಾಕ್ರೋಎಕಾಲಜಿ’ ಅನ್ನುವ ಹೆಸರು ಚಾಲ್ತಿಗೆ ಬಂದದ್ದೂ ಆ ಲೇಖನದಿಂದಲೇ. ನನಗೆ ಆ ಖಾಲಿ ಮೂಲೆಯೇ ತಲೆಯಲ್ಲಿ ಕೂತುಬಿಟ್ಟಿತು. ಮುಂದಿನ ದಿನಗಳಲ್ಲಿ ಎಲ್ಲಿ ಹೋದರೂ ಆ ಮೂಲೆ ಯಾಕೆ ಖಾಲಿ ಅನ್ನುವುದನ್ನೇ ಕೇಳುತ್ತಿದ್ದೆ.

ಐಐಎಸ್‌ಸಿಯ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಆವರಣ ಸುಮಾರು 400 ಎಕರೆ. ರಾತ್ರಿ ಹೊತ್ತು ಹೊರಗಿನವರು ಸುಮ್ಮನೆ ಒಳಗೆ ಹೋಗುವಂತಿಲ್ಲ. ಅಲ್ಲಿ ಕೆಲಸ ಮಾಡುವ ಅವಳ ಗೆಳತಿಯೊಬ್ಬಳು ಕರೆದುಕೊಂಡು ಹೋದಳು. ನಾವು ಹುಡುಕುತ್ತಿದ್ದದ್ದು ಕಾಡುಪಾಪವನ್ನು. ಬೆಂಗಳೂರಿನಲ್ಲಿ ಅದು ಉಳಿದಿರುವ ಬೆರಳೆಣಿಕೆಯ ಜಾಗಗಳಲ್ಲಿ ಐಐಎಸ್‌ಸಿ ಒಂದು, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಇನ್ನೊಂದು. ಟಾರ್ಚಿನ ಗಾಜಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿಕೊಂಡಿದ್ದೆವು. ಬಿಳಿ ಬೆಳಕು ಬಿಟ್ಟರೆ ಅದರ ಕಣ್ಣಿಗೆ ಹಿಂಸೆ. ನೋಡಲು ಹೋಗುವವರು ದಯವಿಟ್ಟು ಇದೊಂದನ್ನು ಮರೆಯಬಾರದು. ಮೊಬೈಲಿನ ಫ್ಲ್ಯಾಷ್ ಅಂತೂ ಬೇಡವೇ ಬೇಡ.

ಒಂದು ಗಂಟೆ ಕತ್ತೆತ್ತಿಕೊಂಡು ನಡೆದರೂ ಏನೂ ಇಲ್ಲ. ಎಲೆಗಳಿಂದ ತೊಟ್ಟಿಕ್ಕುವ ನೀರು ಕನ್ನಡಕದ ಮೇಲೆ ಬೀಳುತ್ತಿತ್ತು. ಆಮೇಲೆ ಬಿದಿರುಮೆಳೆಯ ಪಕ್ಕದ ಮರದಲ್ಲಿ ಕಿತ್ತಳೆ ಬಣ್ಣದ ಎರಡು ಬೆಳಕು ಹೊಳೆದು ನಿಂತವು. ಕಾಲು ಕೆ.ಜಿ. ಆಸುಪಾಸಿನ ಜೀವ, ಕಡ್ಡಿ ಕೈಕಾಲು, ಬಾಲವೇ ಇಲ್ಲ. ಒಂದು ಕೊಂಬೆಯನ್ನು ಬಿಗಿಯಾಗಿ ಹಿಡಿದ ಮೇಲೆಯೇ ಇನ್ನೊಂದನ್ನು ಬಿಡುತ್ತದೆ. ಹಾರುವುದಿಲ್ಲ, ನೆಗೆಯುವುದಿಲ್ಲ. ಹಾಗಾಗಿ ಕೊಂಬೆಗೆ ಕೊಂಬೆ ತಾಗಿರಬೇಕು. ರಸ್ತೆ ಅಗಲವಾಗಿ ಮಧ್ಯದ ಮರ ಹೋಯಿತೆಂದರೆ ಈ ಬದಿಯದು ಈ ಬದಿಗೇ, ಆ ಬದಿಯದು ಆ ಬದಿಗೇ. ಕೆಲವು ಕಡೆ ಕರೆಂಟು ತಂತಿಯನ್ನು ಹಿಡಿದು ದಾಟಲು ಹೋಗಿ ಸತ್ತಿವೆ.

ನಮ್ಮ ಜೊತೆ ನಿಂತು ನೋಡುತ್ತಿದ್ದ ರಾತ್ರಿ ಪಾಳಿಯ ಸೆಕ್ಯುರಿಟಿಯವರು ರಾಯಚೂರು ಕಡೆಯವರು. "ಮೊದಲು ಬಂದಾಗ ಇದನ್ನ ಕಂಡ್ರೆ ಅಂಜಿಕಿ ಬರ್ತಿತ್ರಿ. ಮಾಟ ಮಾಡೋರು ಹಿಡೀತಾರ ಅಂತ ಕೇಳಿದ್ದೆ. ಈಗ ಮಳಿ ಬಂದ್ರ, ಪಾಪ, ಎಲ್ಲಿ ಕುಂತದೋ ಅಂತ ನಾನೇ ನೋಡ್ಕೋತ ಅಡ್ಡಾಡ್ತೀನಿ" ಅಂದರು. ನಾವು ಹೊರಡುವಾಗಲೂ ಅವರು ಮೇಲಕ್ಕೇ ನೋಡುತ್ತಿದ್ದರು.

ಈ ಬೂದು ಕಾಡುಪಾಪದ ಸೀಮೆ ದಕ್ಷಿಣ ಭಾರತ ಮತ್ತು ಶ್ರೀಲಂಕಾ. ತ್ರಿಕೋನದ ಎಡಬದಿಯಲ್ಲಿ ನಡುವೆಲ್ಲೋ ಒಂದು ಚುಕ್ಕೆ.

ಶನಿವಾರ: ರಾಗಿಹಳ್ಳಿ, ಕನಕಪುರ, ಮುತ್ತತ್ತಿ

ಬೆಳಗಿನ ಜಾವ ಬಿಟ್ಟರೆ ಬನ್ನೇರುಘಟ್ಟ ರಸ್ತೆಯಲ್ಲಿ ಗಾಡಿ ಮುಂದಕ್ಕೆ ಹೋಗುತ್ತದೆ. ಎಂಟಾದ ಮೇಲೆ ಆ ಮಾತು ಬೇಡ. ಬನ್ನೇರುಘಟ್ಟದಲ್ಲಿ ಮೃಗಾಲಯದ ಮುಂದೆ ಜನ ಸಾಲು ನಿಲ್ಲುವ ಮೊದಲೇ ನಾವು ರಾಗಿಹಳ್ಳಿಯ ಕಡೆ ತಿರುಗಿದ್ದೆವು. ಮಳೆ ಬಿಟ್ಟಿತ್ತು, ಗುಡ್ಡಗಳ ಮೇಲೆ ಮಂಜು. ರಸ್ತೆಯ ಎರಡೂ ಬದಿ ರಾಗಿ ತೆನೆ ಬಲಿತು ಕಂದು ಬಣ್ಣಕ್ಕೆ ತಿರುಗಿತ್ತು.

1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಬನ್ನೇರುಘಟ್ಟದ ಕಾಡು ಈಗ ಸುಮಾರು 260 ಚದರ ಕಿ.ಮೀ. ಇದೆ. ಆದರೆ ಅದರ ಆಕಾರ ನೋಡಬೇಕು: ಉತ್ತರದಿಂದ ದಕ್ಷಿಣಕ್ಕೆ ನೀಳವಾಗಿ ಎಳೆದುಕೊಂಡು ಹೋಗಿದ್ದು, ಕೆಲವು ಕಡೆ ಅಗಲ ಒಂದು ಕಿಲೋಮೀಟರೂ ಇಲ್ಲ. ಒಂದು ಆನೆಹಿಂಡಿನ ಓಡಾಟಕ್ಕೆ ನೂರಾರು ಚದರ ಕಿಲೋಮೀಟರ್ ಬೇಕು. ಹಾಗಾಗಿ ಬನ್ನೇರುಘಟ್ಟದ ಆನೆ ಅನ್ನುವ ಮಾತಿಗೆ ಅರ್ಥವಿಲ್ಲ. ಇಲ್ಲಿಗೆ ಬರುವ ಆನೆಗಳು ತಮಿಳುನಾಡಿನ ಹೊಸೂರು ಕಾಡು, 1,027 ಚದರ ಕಿ.ಮೀ. ಕಾವೇರಿ ವನ್ಯಧಾಮ, ಅದರಾಚೆಯ ಮಲೆ ಮಹದೇಶ್ವರ ಬೆಟ್ಟದ 906 ಚದರ ಕಿ.ಮೀ. ಇವೆಲ್ಲ ಸೇರಿದ ಒಂದೇ ನಾಡಿನವು. ನಮ್ಮ ಬೆಂಗಳೂರು ಆ ನಾಡಿನ ಉತ್ತರದ ತುದಿ.

ಹೊಲವೊಂದರ ಅಂಚಿನಲ್ಲಿ ಅಟ್ಟಣೆ ಕಂಡು ಗಾಡಿ ನಿಲ್ಲಿಸಿದೆವು. ರಾತ್ರಿಯೆಲ್ಲ ಕಾವಲು ಕೂತಿದ್ದ ರೈತರು ಆಗಷ್ಟೇ ಕೆಳಗಿಳಿದು ಕಂಬಳಿ ಕೊಡವುತ್ತಿದ್ದರು. ಆನೆ ಬಂದಿತ್ತಾ ಅಂತ ಕೇಳಿದೆ. "ಮೂರು ಬಂದಿದ್ವು ಸ್ವಾಮಿ. ಕಂದಕದ ಮಣ್ಣು ಕುಸಿದಿರೋ ಕಡೆ ನೋಡ್ಕೊಂಡು ದಾಟವೆ. ಪಟಾಕಿ ಹೊಡೆದ್ವಿ, ಆ ಕಡೆ ಹೊಲಕ್ಕೆ ಹೋದ್ವು. ಆ ಕಡೆಯೋರು ಹೊಡೆದ್ರು, ಈ ಕಡೆಗೆ ಬಂದ್ವು." ತುಳಿದ ರಾಗಿಯನ್ನು ತೋರಿಸಿದರು. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಸಿಟ್ಟಿರಲಿಲ್ಲ, ಸುಸ್ತಿತ್ತು. "ದೊಡ್ಡ ಸಂಸಾರಕ್ಕೆ ದೊಡ್ಡ ಹೊಲ ಬೇಕು ಸ್ವಾಮಿ. ಅವುಕ್ಕೆ ಇದ್ದ ಹೊಲಾನ ಎಲ್ರೂ ಭಾಗ ಮಾಡ್ಕೊಂಡಿದೀವಿ, ಅವು ಎಲ್ಲಿಗ್ ಹೋಗ್ತವೆ?"

ಅಕ್ಕನ ಮಗಳು ಕಾರಿಗೆ ಹತ್ತಿದವಳೇ, "ಮಾಮ, ಅವರು ಹೇಳಿದ್ದೇ ನನ್ನ ಇಡೀ ಮೊದಲನೇ ಅಧ್ಯಾಯ" ಅಂದಳು. ಹಾರೋಹಳ್ಳಿಯ ಕಡೆಗೆ ಸಾಗುತ್ತಾ ಲೆಕ್ಕ ಬಿಡಿಸಿ ಹೇಳಿದಳು.

ಮ್ಯಾಕ್ಸ್ ಕ್ಲೈಬರ್ ಅನ್ನುವ ವಿಜ್ಞಾನಿ 1932ರಲ್ಲಿ ತೋರಿಸಿದ ಹಾಗೆ, ಪ್ರಾಣಿಯ ಮೈ ದೊಡ್ಡದಾದಷ್ಟೂ ಅದಕ್ಕೆ ಬೇಕಾದ ಶಕ್ತಿ ಹೆಚ್ಚುತ್ತದೆ, ಆದರೆ ತೂಕ ಹೆಚ್ಚಿದಷ್ಟು ವೇಗವಾಗಿ ಅಲ್ಲ. ತೂಕದ ಮುಕ್ಕಾಲು ಘಾತದ ಲೆಕ್ಕದಲ್ಲಿ. ನಿನ್ನೆ ನೋಡಿದ ಕಾಡುಪಾಪ 250 ಗ್ರಾಂ ಅಂತಿಟ್ಟುಕೊಳ್ಳಿ, ಇವತ್ತಿನ ಹೆಣ್ಣಾನೆ 2,500 ಕೆ.ಜಿ. ತೂಕದಲ್ಲಿ 10,000 ಪಟ್ಟು. ಮುಕ್ಕಾಲು ಘಾತದ ಪ್ರಕಾರ ಆನೆಗೆ ಬೇಕಾಗುವ ಶಕ್ತಿ 1,000 ಪಟ್ಟು. ಜಾನ್ ಡಾಮತ್ ಅನ್ನುವ ಇನ್ನೊಬ್ಬ ವಿಜ್ಞಾನಿ 1981ರಲ್ಲಿ ಸಸ್ಯಾಹಾರಿ ಸಸ್ತನಿಗಳ ಸಾಂದ್ರತೆಯನ್ನು ಲೆಕ್ಕ ಹಾಕಿದಾಗ ಕಂಡದ್ದು ಇದರ ಇನ್ನೊಂದು ಮುಖ: 10,000 ಪಟ್ಟು ಭಾರದ ಪ್ರಾಣಿ ಒಂದು ಚದರ ಕಿಲೋಮೀಟರಿನಲ್ಲಿ ಸರಾಸರಿ ಸಾವಿರದ ಒಂದು ಪಾಲು ಮಾತ್ರ ಇರುತ್ತದೆ. ಕಾಡುಪಾಪ ಹುಳುಹುಪ್ಪಟೆ ತಿನ್ನುವುದರಿಂದ ಈ ಅಂಕಿ ಅದಕ್ಕೆ ಕರಾರುವಾಕ್ಕಾಗಿ ಕೂರುವುದಿಲ್ಲ, ಆದರೆ ದಿಕ್ಕು ಅದೇ.

ಈಗ ಖಾಲಿ ಮೂಲೆ ನನಗೆ ತನ್ನ ಗುಟ್ಟು ಬಿಟ್ಟುಕೊಟ್ಟಿತು. ಸಣ್ಣ ಪ್ರಾಣಿಯ ಸಾವಿರ ಜೀವ ಒಂದು ಕ್ಯಾಂಪಸ್ಸಿನಲ್ಲಿ, ಒಂದು ಕಣಿವೆಯಲ್ಲಿ ಹಿಡಿಸಬಹುದು. ದೊಡ್ಡ ಪ್ರಾಣಿಯ ಸಾವಿರ ಜೀವಕ್ಕೆ ಜಿಲ್ಲೆಗಳೇ ಬೇಕು. ದೊಡ್ಡ ಮೈಯಿದ್ದು ಸೀಮೆ ಚಿಕ್ಕದಾದರೆ ಅಲ್ಲಿರುವುದು ಹತ್ತಿಪ್ಪತ್ತು ಜೀವ. ಒಂದು ಬರ, ಒಂದು ರೋಗ ಸಾಕು. ಆ ಮೂಲೆಗೆ ಪ್ರಾಣಿಗಳು ಹೋಗುವುದೇ ಇಲ್ಲ ಅಂತಲ್ಲ, ಹೋದವು ಉಳಿಯುವುದಿಲ್ಲ.

ಕರ್ನಾಟಕದಲ್ಲಿ 2023ರ ಗಣತಿ ಪ್ರಕಾರ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು. ಆ ಸಂಖ್ಯೆಯನ್ನು ಹೆಮ್ಮೆಯಿಂದ ಹೇಳುವವರು ಅದರ ಜೊತೆಗೆ ಕಾರಿಡಾರುಗಳ ಅಗಲವನ್ನೂ ಹೇಳಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಸಂಖ್ಯೆ ಉಳಿದು ದಾರಿ ತುಂಡಾದರೆ, ಒಂದು ದೊಡ್ಡ ಸೀಮೆ ಹತ್ತು ಪುಟ್ಟ ಸೀಮೆಗಳಾಗಿ ಒಡೆದು, ಒಂದೊಂದೂ ಆ ಖಾಲಿ ಮೂಲೆಯತ್ತ ಜಾರುತ್ತದೆ.

ಕನಕಪುರದ ಮೆಸ್ಸಿನಲ್ಲಿ ಬಿಸಿ ಮುದ್ದೆ, ಆ ವರ್ಷದ ಮೊದಲ ಅವರೆಕಾಳಿನ ಸಾರು. ಸೊಗಡು ಇನ್ನೂ ಪೂರ್ತಿ ಹತ್ತಿರಲಿಲ್ಲ, ಆದರೂ ಎರಡನೇ ಮುದ್ದೆ ಹಾಕಿಸಿಕೊಂಡೆ. ಸಾತನೂರು ದಾಟಿದ ಮೇಲೆ ಹಿಂದಿನ ಟೈರು ಪಂಕ್ಚರ್. ಸ್ಟೆಪ್ನಿ ಹಾಕುತ್ತಿದ್ದಾಗ ಬೈಕಿನಲ್ಲಿ ಬಂದ ಹುಡುಗರಿಬ್ಬರು ತಾವಾಗಿಯೇ ನಿಂತು ಜಾಕ್ ಎತ್ತಿಕೊಟ್ಟರು. ಕಾಡಿನ ರಸ್ತೆಗೆ ಇಳಿಯುವ ಮೊದಲು ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ನೋಡಿಕೊಳ್ಳಬೇಕು. ಮುಂದೆ ಅಂಗಡಿಯಿಲ್ಲ, ಸಿಗ್ನಲ್ಲೂ ಇಲ್ಲ.

ಮುತ್ತತ್ತಿಯಲ್ಲಿ ಕಾವೇರಿ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಹೊಳೆ ಮೇಲೆ ನೋಡಲು ಶಾಂತವಾಗಿರುತ್ತದೆ, ಕೆಳಗೆ ಸುಳಿಯಿರುತ್ತದೆ. ಈಜು ಬರುವವರೂ ಇಲ್ಲಿ ಹೋಗಿದ್ದಾರೆ. ಕಾಲು ತೊಳೆಯುವುದಕ್ಕೂ ನಾವು ಇಳಿಯಲಿಲ್ಲ. ದಡದ ಹೊಳೆಮತ್ತಿ ಮರಗಳ ಕೆಳಗೆ ನಡೆದೆವು. ಇಬ್ಬರು ಮೂವರು ಸೇರಿ ಅಪ್ಪಿದರೂ ಸಿಗದ ಬೊಡ್ಡೆ, ಬಿಳಿಚಿದ ತೊಗಟೆ. ಆ ಮರಗಳಲ್ಲೇ ಇರುವುದು ಬೂದು ಬಣ್ಣದ ದೊಡ್ಡ ಅಳಿಲು. ನಮ್ಮ ಮಲೆನಾಡಿನ ಕೆಂದಳಿಲಿನ ದಾಯಾದಿ, ಒಂದೂವರೆ ಕೆ.ಜಿ. ತೂಗುತ್ತದೆ. ನೆತ್ತಿಯ ಮೇಲೆಯೇ ಕೊಂಬೆಯಿಂದ ಕೊಂಬೆಗೆ ಒಂದು ದಾಟಿತು. ಅದರ ಬಾಲ ಮೈಗಿಂತ ಉದ್ದ. ಶ್ರೀಲಂಕಾ ಬಿಟ್ಟರೆ ದಕ್ಷಿಣ ಭಾರತದ ಕೆಲವೇ ತುಣುಕು ಕಾಡುಗಳಲ್ಲಿ ಮಾತ್ರ ಇದು ಸಿಗುತ್ತದೆ. ಇಲ್ಲಿ ಇದಕ್ಕೆ ಬೇಕಾದದ್ದು ಹೊಳೆಸಾಲಿನ ಕಾಡು, ನೀರಿನ ಉದ್ದಕ್ಕೂ ಹೋಗುವ ಮರಗಳ ಒಂದು ಪಟ್ಟಿ. ಅಲ್ಲಿಂದ ನೂರು ಹೆಜ್ಜೆ ಗುಡ್ಡ ಹತ್ತಿದರೆ ಬರೀ ಕುರುಚಲು. ಅದು ಇದರ ಊರಲ್ಲ.

ಅದೇ ಗುಡ್ಡದ ಕುರುಚಲಿನಲ್ಲಿ ತರಕರಡಿ, ಇಂಗ್ಲಿಷಿನವರ ಹನಿ ಬ್ಯಾಜರ್, ಇದೆ. ಹತ್ತು ಕೆ.ಜಿ. ಆಸುಪಾಸಿನ, ಬೆನ್ನು ಬೆಳ್ಳಗೆ ಹೊಟ್ಟೆ ಕಪ್ಪಗಿರುವ, ಹೆಚ್ಚಾಗಿ ರಾತ್ರಿ ಓಡಾಡುವ ಪ್ರಾಣಿ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಜೊತೆಗಾರರು ಕಾವೇರಿ ವನ್ಯಧಾಮದಲ್ಲಿ ಇಟ್ಟ ಕ್ಯಾಮೆರಾ ಟ್ರ್ಯಾಪಿನಲ್ಲಿ ಇದರ ಚಿತ್ರ ಸಿಕ್ಕಿದ ಸುದ್ದಿ 2014ರಲ್ಲಿ ಬಂದಾಗ ನಾನು ಪೇಪರ್ ಕತ್ತರಿಸಿ ಇಟ್ಟುಕೊಂಡಿದ್ದೆ. ತರಕರಡಿಯ ಸೀಮೆ ಆಫ್ರಿಕಾದ ದಕ್ಷಿಣ ತುದಿಯಿಂದ ಅರಬ್ ನಾಡುಗಳನ್ನು ಹಾಯ್ದು ಭಾರತದವರೆಗೆ ಇದೆ. ಸಿಕ್ಕಿದ್ದನ್ನು ತಿನ್ನುತ್ತದೆ, ಎಲ್ಲಿ ಬೇಕಾದರೂ ಬಿಲ ತೋಡುತ್ತದೆ. ಒಂದೇ ಕಾಡು, ಕೂಗಿದರೆ ಕೇಳುವಷ್ಟು ದೂರದಲ್ಲಿ ಎರಡು ಪ್ರಾಣಿ. ಒಂದರ ನಕ್ಷೆ ಎರಡು ಖಂಡ, ಇನ್ನೊಂದರದು ಹೊಳೆಯ ದಂಡೆ. ತೂಕವೊಂದರಿಂದಲೇ ಸೀಮೆ ತೀರ್ಮಾನವಾಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಪಾಠ ನಾನು ಓದಿಲ್ಲ. ತೂಕ ಹೇಳುವುದು ಇಷ್ಟು ಮಾತ್ರ: ಕನಿಷ್ಠ ಎಷ್ಟು ಸೀಮೆ ಬೇಕು. ಅದಕ್ಕಿಂತ ಎಷ್ಟು ಹೆಚ್ಚು ಹರಡಬಲ್ಲದು ಅನ್ನುವುದು ಅದರ ಹೊಟ್ಟೆ, ಅಭ್ಯಾಸ, ದಾಟಲಾಗದ ಬೆಟ್ಟ ಮತ್ತು ಬಯಲುಗಳಿಗೆ ಬಿಟ್ಟದ್ದು.

"ಕತ್ತಲಾಗೋದ್ರೊಳಗೆ ಹೊರಡಿ ಸಾರ್, ಆನೆ ನೀರಿಗೆ ಇಳಿಯೋ ಹೊತ್ತು" ಅಂತ ಅರಣ್ಯ ಇಲಾಖೆಯ ವಾಚರ್ ಹೇಳಿದರು. ಹೊರಟೆವು.

ಭಾನುವಾರ: ಕೋಲಾರ, ಅಂತರಗಂಗೆ, ತೇರಹಳ್ಳಿ

ಹೆದ್ದಾರಿ ಚೆನ್ನಾಗಿದೆ, ಹೇಳುವಂಥದ್ದೇನಿಲ್ಲ. ಕೋಲಾರದಲ್ಲಿ ಮುಳಬಾಗಿಲು ದೋಸೆ ತಿಂದೆವು: ದಪ್ಪ, ಒಳಗೆ ಮೆತ್ತಗೆ, ಅಂಚು ಗರಿಗರಿ, ಮೇಲೆ ಕೆಂಪು ಚಟ್ನಿ ಸವರಿ ಪಲ್ಯ ಹರಡಿದ್ದು. ಪಕ್ಕದ ಟೇಬಲಿನಲ್ಲಿ ಟೊಮೆಟೊ ಮಂಡಿಯವರು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮಳೆಯನ್ನು ಬೈಯುತ್ತಿದ್ದರು. ಈ ಮೋಡಕ್ಕೆ ಹೂವು ಉದುರುತ್ತದಂತೆ.

ದೋಸೆ ತಿನ್ನುತ್ತಾ ನಾನು, "ನಿನ್ನ ಖಾಲಿ ಮೂಲೆಯಲ್ಲಿ ನಿಜಕ್ಕೂ ಯಾರೂ ಇಲ್ವಾ?" ಅಂತ ಕೇಳಿದೆ. "ಇದಾರೆ" ಅಂದಳು. ಜಾವಾ ಖಡ್ಗಮೃಗ ಇವತ್ತು ಜಾವಾ ದ್ವೀಪದ ಉಜುಂಗ್ ಕುಲೋನ್ ಎಂಬ ಒಂದೇ ಉದ್ಯಾನದಲ್ಲಿದೆ. ಅದು ಮೊದಲಿಂದ ಹಾಗಿರಲಿಲ್ಲ. ಭಾರತದ ಈಶಾನ್ಯದಿಂದ ವಿಯೆಟ್ನಾಂವರೆಗೆ ಹರಡಿತ್ತು. ವಿಯೆಟ್ನಾಮಿನ ಕೊನೆಯದು ಸತ್ತದ್ದು 2010ರಲ್ಲಿ. ಏಷ್ಯಾದ ಸಿಂಹ ಪಶ್ಚಿಮ ಏಷ್ಯಾದಿಂದ ನಮ್ಮ ಬಿಹಾರದವರೆಗೆ ಇದ್ದದ್ದು, ಈಗ ಗುಜರಾತಿನಲ್ಲಿ ಮಾತ್ರ. ಇವೆಲ್ಲ ಆ ಮೂಲೆಗೆ ನಾವು ತಳ್ಳಿದವು. ತಾನಾಗಿಯೇ ಪುಟ್ಟ ಸೀಮೆ ಕಟ್ಟಿಕೊಂಡ ದೊಡ್ಡ ಪ್ರಾಣಿ ಇದ್ದರೆ ನೀಲಗಿರಿ ತಾರ್ ಅನ್ನುವ ಬೆಟ್ಟದ ಕಾಡುಮೇಕೆಯಂಥದ್ದು. ಗಂಡು 100 ಕೆ.ಜಿ. ತೂಗುತ್ತದೆ, ಕೇರಳ ಮತ್ತು ತಮಿಳುನಾಡಿನ ಎತ್ತರದ ಹುಲ್ಲುಬೆಟ್ಟ ಬಿಟ್ಟು ಬೇರೆಲ್ಲೂ ಇಲ್ಲ.

ಅಂತರಗಂಗೆಯ ಮೆಟ್ಟಿಲಲ್ಲಿ ಭಾನುವಾರದ ಜನ. ಕಲ್ಲಿನ ಬಸವನ ಬಾಯಿಂದ ಬೀಳುವ ನೀರು ಹಿಡಿದು ಕುಡಿದೆವು. ಕೋತಿಗಳು ಅಕ್ಕನ ಮಗಳ ಚೀಲದಿಂದ ಬಿಸ್ಕತ್ತಿನ ಪೊಟ್ಟಣ ಕಿತ್ತುಕೊಂಡು ಹೋದವು. ಅಲ್ಲಿ ತಿನ್ನುವುದನ್ನು ಕೈಯಲ್ಲಿ ಹಿಡಿಯಲೇಬಾರದು. ಮೇಲೆ ಬಂಡೆಗಳ ರಾಶಿ, ಬಂಡೆಗಳ ನಡುವೆ ಗುಹೆಗಳು. ಬೆಟ್ಟದ ನೆತ್ತಿಯ ಮೇಲೆ ಹಳ್ಳಿಗಳೇ ಇವೆ. ಅದರಲ್ಲೊಂದು ತೇರಹಳ್ಳಿ. ನಾವು ಬಂದದ್ದು ಅದಕ್ಕಾಗಿ.

ಕೋಲಾರದ ಎಲೆಮೂಗಿನ ಬಾವಲಿ ಅಂತ ಒಂದಿದೆ. ಕೆಲವೇ ಗ್ರಾಂ ತೂಕದ ಜೀವ. ಇದು ಬೇರೆಯದೇ ಪ್ರಭೇದ ಎಂದು ವಿಜ್ಞಾನಕ್ಕೆ ಗೊತ್ತಾದದ್ದು 1994ರಲ್ಲಿ. ಇಡೀ ಭೂಮಿಯ ಮೇಲೆ ಇದು ದಾಖಲಾದದ್ದು ಎರಡೇ ಊರುಗಳಿಂದ, ಹನುಮನಹಳ್ಳಿ ಮತ್ತು ತೇರಹಳ್ಳಿ, ಎರಡೂ ಕೋಲಾರ ಜಿಲ್ಲೆಯವು. ಆಮೇಲೆ ಹುಡುಕಿದವರಿಗೆ ತೇರಹಳ್ಳಿಯಲ್ಲಿ ಸಿಗಲಿಲ್ಲ. ಹನುಮನಹಳ್ಳಿಯ ಗುಹೆಯಲ್ಲಿ ಉಳಿದದ್ದು ಇನ್ನೂರಕ್ಕೂ ಕಡಿಮೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ಇದನ್ನು ಅಳಿವಿನ ಅತ್ಯಂತ ಗಂಡಾಂತರದ ಪಟ್ಟಿಯಲ್ಲಿ ಇಟ್ಟಿದೆ. ಬೆಂಗಳೂರಿನಿಂದ ಎರಡು ಗಂಟೆಯ ದಾರಿಯಲ್ಲಿ ಇಂಥದ್ದೊಂದು ಇದೆ ಅನ್ನುವುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಆನೆ ಹೊಲಕ್ಕೆ ಬಂದರೆ ಟಿವಿಯಲ್ಲಿ ಬರುತ್ತದೆ. ಇದರ ಗುಹೆಯ ಪಕ್ಕದ ಬಂಡೆಗೆ ಸಿಡಿಮದ್ದು ಇಟ್ಟರೆ ಯಾರ ಗಮನಕ್ಕೂ ಬರುವುದಿಲ್ಲ. ಕಲ್ಲು ಗಣಿಗಾರಿಕೆಯೇ ಇದಕ್ಕೆ ದೊಡ್ಡ ಕಂಟಕ. ಬೆಂಗಳೂರಿನ ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್‌ನವರು ಇದನ್ನು ಉಳಿಸಲು ವರ್ಷಗಳಿಂದ ದುಡಿಯುತ್ತಿದ್ದಾರೆ.

ಹನುಮನಹಳ್ಳಿಗೆ ನಾವು ಹೋಗಲಿಲ್ಲ, ನೀವೂ ಹೋಗಬೇಡಿ. ಇನ್ನೂರು ಜೀವ ಒಂದೇ ಗುಹೆಯಲ್ಲಿ ನೇತಾಡುತ್ತಿರುವಾಗ ಟಾರ್ಚು ಹಿಡಿದು ಒಳಗೆ ನುಗ್ಗಿದ ಒಬ್ಬ ಪ್ರವಾಸಿಗನೂ ಹೆಚ್ಚೇ. ಈ ಜಾತಿಯ ಬಾವಲಿ ಒಂದು ಸಲಕ್ಕೆ ಹೆರುವುದು ಒಂದೇ ಮರಿ. ಕಳೆದುಹೋದದ್ದನ್ನು ತುಂಬಿಕೊಳ್ಳಲು ವರ್ಷಗಳು ಬೇಕು. ಹಾಗಾಗಿ ಅದು ಇಲ್ಲವಾದ ಊರನ್ನು ನೋಡಲು ಬಂದೆವು.

ತೇರಹಳ್ಳಿಯಲ್ಲಿ ಮಳೆ ಮತ್ತೆ ಹಿಡಿದುಕೊಂಡಿತು. ಬಂಡೆಯ ಮರೆಯಲ್ಲಿ ಮೇಕೆಗಳ ಜೊತೆ ನಿಂತಿದ್ದ ಅಜ್ಜಿ ನಮಗೂ ಜಾಗ ಬಿಟ್ಟರು. ಬಾವಲಿ ಇದ್ದವಾ ಅಂತ ಕೇಳಿದ್ದಕ್ಕೆ, "ಗಬ್ಬಿಲಾಯಿನಾ? ನಾನು ಸೊಸೆಯಾಗಿ ಬಂದಾಗ ಸಂಜೆಯಾದ್ರೆ ಗುಂಡುಗಳ ಸಂದಿಯಿಂದ ಬುಸ್ಸಂತ ಏಳ್ತಿದ್ವು ಕಣಪ್ಪ. ಅದ್ರಲ್ಲಿ ಯಾವ ಜಾತಿ ಅಂತ ಯಾರು ನೋಡಿದ್ರು? ಈಗ ಕಮ್ಮಿ. ಸೊಳ್ಳೆ ಜಾಸ್ತಿ" ಅಂದರು. ಅಕ್ಕನ ಮಗಳು ಪುಸ್ತಕ ತೆಗೆದು ಅಜ್ಜಿಯ ಮಾತನ್ನು ಹಾಗೇ ಬರೆದುಕೊಂಡಳು. ಅಜ್ಜಿ ಹೇಳಿದ ಬಾವಲಿಗಳು ಯಾವುವೋ. ಆದರೆ 1994ರಲ್ಲಿ ಬೇರೆ ಅಂತ ಗುರುತಿಸಿದ ಒಂದು ಜೀವದ ಸೀಮೆ ಅರ್ಧಕ್ಕರ್ಧ ಹೋಯಿತು ಅಂದರೆ ನಾನು ನಿಂತ ಈ ಬಂಡೆಯೇ ಆ ಅರ್ಧ. ಇಷ್ಟು ಚಿಕ್ಕ ಜಾಗವನ್ನು ಉಳಿಸುವುದಕ್ಕೆ ಕಾರಿಡಾರು ಬೇಡ, ಸಾವಿರ ಚದರ ಕಿಲೋಮೀಟರ್ ಬೇಡ. ಕೆಲವು ಎಕರೆ ಬಂಡೆಯನ್ನು ಒಡೆಯದೆ ಬಿಟ್ಟರೆ ಸಾಕು. ಅಷ್ಟನ್ನೂ ಮಾಡದೇ ಹೋದರೆ ಆಗುವ ನೋವನ್ನು ಅಲ್ಲಿ ನಿಂತು ಮೈಯಲ್ಲೇ ಅನುಭವಿಸಿದೆ.

ಸಣ್ಣ ಮೈ ಇದ್ದರೆ ಪುಟ್ಟ ಸೀಮೆಯಲ್ಲಿ ಬದುಕಲು ಸಾಧ್ಯ ಅಂತ ತ್ರಿಕೋನ ಹೇಳುತ್ತದೆ. ಆ ಪುಟ್ಟ ಸೀಮೆಯ ಮೇಲೆ ಒಂದು ಕ್ವಾರಿ ಬಿದ್ದರೆ ಅದಕ್ಕೆ ಬೇರೆ ಜಾಗವೇ ಇಲ್ಲ.

ಸೋಮವಾರ: ಮೈದನಹಳ್ಳಿ

ಕಡಲೆಕಾಯಿ ಪರಿಷೆಯ ದಿನ. ಬಸವನಗುಡಿಯ ಕಡೆ ತಲೆಹಾಕದೆ ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರು ಹಿಡಿದು ಹೋದೆವು. ಮೋಡ ಸರಿದು ನಾಲ್ಕು ದಿಕ್ಕೂ ತೊಳೆದಂತಿತ್ತು. ಗೌರಿಬಿದನೂರು ದಾಟಿದ ಮೇಲೆ ನೆಲ ಚಪ್ಪಟೆಯಾಗುತ್ತಾ, ಆಕಾಶ ದೊಡ್ಡದಾಗುತ್ತಾ ಹೋಯಿತು. ಕೊಡಿಗೇನಹಳ್ಳಿಯಲ್ಲಿ ಗೂಡಂಗಡಿಯ ಚಹಾ, ಬಿಸಿ ಬೋಂಡಾ. ಮೈದನಹಳ್ಳಿಗೆ ಇನ್ನೇನು ಬಂತು ಅನ್ನುವಾಗ ಮಣ್ಣು ರಸ್ತೆಯಲ್ಲಿ ಚಕ್ರ ಹೂತುಹೋಯಿತು. ಟ್ರ್ಯಾಕ್ಟರಿನವರು ಹಗ್ಗ ಕಟ್ಟಿ ಎಳೆದರು, ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಮಳೆಯ ಮಾರನೇ ದಿನ ಹೋಗುವವರು ಕಾರನ್ನು ಊರಲ್ಲೇ ಬಿಟ್ಟು ನಡೆಯುವುದು ಒಳ್ಳೆಯದು.

ಮಧುಗಿರಿ ತಾಲ್ಲೂಕಿನ ಈ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು 798 ಎಕರೆ ಹುಲ್ಲುಗಾವಲು. ವೀಕ್ಷಣಾ ಗೋಪುರ ಹತ್ತಿದ ಸ್ವಲ್ಪ ಹೊತ್ತಿಗೇ ಹಿಂಡು ಕಾಣಿಸಿತು. ತಿಳಿಕಂದು ಹೆಣ್ಣುಗಳು, ಮರಿಗಳು, ನಡುವೆ ಕಡುಗಪ್ಪು ಬೆನ್ನಿನ, ತಿರುಚಿದ ಕೊಂಬಿನ ಗಂಡು. ಯಾವುದೋ ಒಂದು ಬೆದರಿ ನಾಲ್ಕೂ ಕಾಲೆತ್ತಿ ಚಿಮ್ಮಿತು, ಅದರ ಹಿಂದೆ ಇಡೀ ಹಿಂಡೇ ಚಿಮ್ಮಿತು. ಕಾಲುಗಳು ನೆಲಕ್ಕೆ ತಾಗುತ್ತಿದ್ದದ್ದು ಅಷ್ಟಕ್ಕಷ್ಟೇ. ಅಕ್ಕನ ಮಗಳು ಬೈನಾಕ್ಯುಲರನ್ನು ನನ್ನ ಕೈಗೆ ಕೊಡಲೇ ಇಲ್ಲ.

ಕೃಷ್ಣಮೃಗದ ಗಂಡು 35–40 ಕೆ.ಜಿ. ತೂಗುತ್ತದೆ. ಒಂದು ಕಾಲಕ್ಕೆ ಉಪಖಂಡದ ಬಯಲುಸೀಮೆಯುದ್ದಕ್ಕೂ ಇತ್ತು. ಇಂದಿನ ನಕ್ಷೆಯಲ್ಲೂ ಅದರ ಸೀಮೆ ಪಂಜಾಬಿನಿಂದ ತಮಿಳುನಾಡಿನವರೆಗೆ ಅಂತಲೇ ಇದೆ. ಆದರೆ ನಿಜವಾಗಿ ಇರುವುದು ಇಲ್ಲಿ ಒಂದು ತುಣುಕು, ರಾಣೆಬೆನ್ನೂರಿನಲ್ಲಿ ಒಂದು ತುಣುಕು, ಇನ್ನೆಲ್ಲೋ ಇನ್ನೊಂದು. ಐಯುಸಿಎನ್ ಸೀಮೆಯನ್ನು ಎರಡು ಬಗೆಯಲ್ಲಿ ಅಳೆಯುತ್ತದೆ. ಎಲ್ಲಕ್ಕಿಂತ ಹೊರ ಅಂಚಿನಲ್ಲಿ ಸಿಕ್ಕ ದಾಖಲೆಗಳನ್ನು ಸುತ್ತುವರಿದು ಗೆರೆ ಎಳೆದು ಒಳಗಿರುವ ವಿಸ್ತೀರ್ಣ ಹಿಡಿಯುವುದು ಒಂದು, ಎರಡು ಕಿ.ಮೀ. ಉದ್ದಗಲದ ಚೌಕಗಳನ್ನು ಹಾಕಿ ಪ್ರಾಣಿ ನಿಜಕ್ಕೂ ಇರುವ ಚೌಕಗಳನ್ನಷ್ಟೇ ಎಣಿಸುವುದು ಇನ್ನೊಂದು. ನಿನ್ನೆಯ ಬಾವಲಿಗೆ ಈ ಎರಡನೇ ಲೆಕ್ಕದಲ್ಲಿ ಒಂದು ಗುಹೆ, ಒಂದು ಚೌಕ, ನಾಲ್ಕು ಚದರ ಕಿಲೋಮೀಟರ್.

"ಹಾಗಾದ್ರೆ ಇದರ ಚುಕ್ಕೆಯನ್ನ ಎಲ್ಲಿ ಇಡ್ತೀಯ?" ಅಂತ ಕೇಳಿದೆ. ನನ್ನ ಪ್ರಕಾರ ಸುತ್ತು ಗೆರೆಯ ಲೆಕ್ಕ ಹಿಡಿದು ಕೃಷ್ಣಮೃಗಕ್ಕೆ ದೊಡ್ಡ ಸೀಮೆಯಿದೆ ಅನ್ನುವುದು ಅನ್ಯಾಯ. ಅವಳು ಒಪ್ಪಲಿಲ್ಲ. ಸುತ್ತು ಗೆರೆ ಅದು ಹಿಂದೆ ಎಲ್ಲಿಯವರೆಗೆ ಹೋಗಬಲ್ಲದಾಗಿತ್ತು ಅನ್ನುವುದನ್ನು ಹೇಳುತ್ತದೆ, ಅದನ್ನು ಅಳಿಸಿಬಿಟ್ಟರೆ ಪ್ರಾಣಿಯ ಶಕ್ತಿಯೇ ಗೊತ್ತಾಗುವುದಿಲ್ಲ ಅಂದಳು. ಗೋಪುರದ ಮೇಲೆ ಅರ್ಧ ಗಂಟೆ ವಾದ ಮಾಡಿದೆವು. ಕೊನೆಗೆ ಅವಳು ತನ್ನ ಪುಸ್ತಕದ ತ್ರಿಕೋನದಲ್ಲಿ 40 ಕೆ.ಜಿ.ಯ ನೇರಕ್ಕೆ ಎರಡು ಚುಕ್ಕೆ ಇಟ್ಟಳು, ಒಂದು ಮೇಲೆ, ಒಂದು ಬಹಳ ಕೆಳಗೆ, ನಡುವೆ ಬಾಣದ ಗುರುತು. ಆನೆಗೂ ಹಾಗೇ ಎರಡು ಚುಕ್ಕೆ ಹಾಕು ಅಂದೆ. ಹಾಕಿದಳು. ಏಷ್ಯಾದ ಆನೆ ಒಂದಾನೊಂದು ಕಾಲಕ್ಕೆ ಯೂಫ್ರಟೀಸ್ ನದಿಯಿಂದ ಚೀನಾದವರೆಗೆ ಇದ್ದದ್ದು, ಈಗ 13 ದೇಶಗಳ ತುಣುಕು ಕಾಡುಗಳಲ್ಲಿದೆ. ಕಾಡುಪಾಪಕ್ಕೂ ಬಾಣ ಬಂತು.

ಮಧ್ಯಾಹ್ನದ ಹೊತ್ತಿಗೆ ಹಿಂಡಿನ ಒಂದು ಭಾಗ ಮೀಸಲಿನ ಗಡಿ ದಾಟಿ ಪಕ್ಕದ ಹೊಲಕ್ಕೆ ಇಳಿಯಿತು. ಹೊಲದ ಯಜಮಾನರು ಬದುವಿನ ಮೇಲೆ ಕೂತು ಕಡಲೆಕಾಯಿ ಬಳ್ಳಿಯಿಂದ ಕಾಯಿ ಬಿಡಿಸುತ್ತಿದ್ದರು. ಎದ್ದು ಒಮ್ಮೆ ಚಪ್ಪಾಳೆ ತಟ್ಟಿ ಮತ್ತೆ ಕೂತರು. ನಮ್ಮ ಕೈಗೂ ಹಸಿ ಕಾಯಿ ಸುರಿದರು. ನಷ್ಟ ಎಷ್ಟಾಗುತ್ತದೆ ಅಂತ ಕೇಳಿದೆ. "ಚಿಗುರಿದ್ದಾಗ ಜಿಂಕೆ ಮೇಯ್ತಾವೆ, ಕಾಯಿ ಕಟ್ಟಿದ ಮೇಲೆ ಹಂದಿ ಅಗೀತಾವೆ. ಪರಿಹಾರಕ್ಕೆ ಅರ್ಜಿ ಹಾಕಿದೀನಿ, ಬಂದಾಗ ಬರಲಿ. ಜಿಂಕೆ ಮೇಲೆ ನಮಗೇನು ಸಿಟ್ಟಿಲ್ಲ ಸಾರ್, ನಮ್ಮ ತಾತನ ಕಾಲದಿಂದ ಇದಾವೆ. ಆದರೆ ಸುತ್ತ ಎಲ್ಲ ನೀಲಗಿರಿ ತೋಪು ಹಾಕಿಬಿಟ್ರು, ಹುಲ್ಲೆಲ್ಲಿದೆ? ನನ್ನ ಹೊಲವೊಂದೇ ಹಸಿರು ಕಾಣೋದು." ಮುಂದಿನ ವರ್ಷ ಆ ಅಂಚಿನ ಎರಡು ಸಾಲನ್ನು ಹುರುಳಿಗೆ ಬಿಡುವುದಾಗಿ ಹೇಳಿದರು. ಜಿಂಕೆ ಅದನ್ನೂ ಮೇಯುತ್ತದೆ, ಆದರೆ ಬೀಜದ ಖರ್ಚು ಕಡಿಮೆ, ಮೇಯ್ದರೂ ಮತ್ತೆ ಚಿಗುರುತ್ತದೆ ಅನ್ನುವುದು ಅವರ ಲೆಕ್ಕ. ಅಕ್ಕನ ಮಗಳು ಅದನ್ನೂ ಬರೆದುಕೊಂಡಳು, ಹುರುಳಿ ಬಿತ್ತುವ ತಿಂಗಳನ್ನು ಕೇಳಿ ಪಕ್ಕದಲ್ಲಿ ಗುರುತು ಹಾಕಿದಳು. ಆ ಹೊತ್ತಿಗೆ ಮತ್ತೆ ಬಂದು ಹೊಲದಲ್ಲಿ ಎಷ್ಟು ಮೇಯುತ್ತವೆ, ಹುಲ್ಲಿನಲ್ಲಿ ಎಷ್ಟು ಮೇಯುತ್ತವೆ ಅಂತ ಎಣಿಸುತ್ತಾಳಂತೆ. ಯಜಮಾನರು, "ಬಾಮ್ಮ, ನಮ್ಮ ಮನೇಲೇ ಇರುವಂತೆ. ಬೆಳಿಗ್ಗೆ ಆರಕ್ಕೇ ಹೊಲದಲ್ಲಿರಬೇಕು, ಆಮೇಲೆ ಬಂದ್ರೆ ಜಿಂಕೆ ಸಿಗಲ್ಲ" ಅಂದರು.